ಬಸಿರಿನ ಮೊದಲ ಆಯಾಸ

ಗರ್ಭಿಣಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವಳು ಏಳೆಂಟು ತಿಂಗಳು ತುಂಬಿದ, ಸೊಂಟದ ಮೇಲೆ ಕೈಯಿಟ್ಟು ಮೆಲ್ಲನೆ ಹೆಜ್ಜೆಯಿಡುವ ಹೆಣ್ಣು. ಅವಳನ್ನು ಕಂಡರೆ ಬಸ್ಸಿನಲ್ಲಿ ಅಪರಿಚಿತರೂ ಎದ್ದು ಸ್ಥಳ ಕೊಡುತ್ತಾರೆ. ಸೀಮಂತದ ದಿನ ಹಸಿರು ಬಳೆ ತೊಡಿಸಿ, ಬಯಕೆಯ ತಿಂಡಿಗಳನ್ನು ಮುಂದಿರಿಸಿ ಆರತಿ ಎತ್ತುತ್ತಾರೆ. ಆದರೆ ಎರಡನೆಯ ತಿಂಗಳಿನಲ್ಲಿ, ಹೊರನೋಟಕ್ಕೆ ಏನೊಂದೂ ಕಾಣದಿರುವಾಗ, ಅದೇ ಹೆಣ್ಣು ಬೆಳಗಿನ ಹನ್ನೊಂದು ಗಂಟೆಗೆ ತರಕಾರಿ ಹೆಚ್ಚುತ್ತಲೇ ತೂಕಡಿಸಿದರೆ ಅವಳಿಗೆ ದೊರೆಯುವ ಬಿರುದು 'ಸೋಮಾರಿ'.

ಮೂರು ತಿಂಗಳು ತುಂಬುವವರೆಗೆ ಸುದ್ದಿಯನ್ನು ಹೊರಗೆ ಹೇಳಬಾರದೆಂಬ ರೂಢಿ ನಮ್ಮ ಅನೇಕ ಮನೆಗಳಲ್ಲಿ ಇದೆ. ಅದಕ್ಕೆ ಕಾರಣವಿಲ್ಲದೆ ಇಲ್ಲ. ಗರ್ಭಪಾತಗಳಲ್ಲಿ ಬಹುಪಾಲು ಈ ಅವಧಿಯಲ್ಲೇ ಆಗುತ್ತವೆ. ಆದರೆ ಇದರ ಪರಿಣಾಮವೇನೆಂದರೆ, ದೇಹವು ತೀರ ಬಳಲುವ ದಿನಗಳಲ್ಲಿಯೇ ಆಕೆ ಬಳಲಿಕೆಯನ್ನು ಬಚ್ಚಿಟ್ಟುಕೊಂಡು ದುಡಿಯಬೇಕಾಗುತ್ತದೆ. ಕಾನೂನಿನ ಕಣ್ಣೂ ಕೊನೆಯ ತಿಂಗಳುಗಳ ಮೇಲೆಯೇ. 2017ರಲ್ಲಿ ಹೆರಿಗೆಯ ರಜೆಯನ್ನು 26 ವಾರಗಳಿಗೆ ಏರಿಸಿದಾಗಲೂ, ಅದರಲ್ಲಿ ಹೆರಿಗೆಗೆ ಮುನ್ನ ಪಡೆಯಬಹುದಾದುದನ್ನು 8 ವಾರಗಳಿಗೇ ಮಿತಗೊಳಿಸಲಾಯಿತು.

ಈ ಆಯಾಸ ಮನಸ್ಸಿನ ಸೃಷ್ಟಿಯೇನೂ ಅಲ್ಲ. ಗರ್ಭವನ್ನು ಕಾಪಾಡುವ ಪ್ರೊಜೆಸ್ಟೆರಾನ್ ಎಂಬ ರಸವು ಈ ವಾರಗಳಲ್ಲಿ ರಕ್ತದಲ್ಲಿ ಏರುತ್ತದೆ; ಅದಕ್ಕೆ ಮಂಪರು ತರುವ ಗುಣವಿದೆ. ಅದೇ ವೇಳೆಗೆ ರಕ್ತನಾಳಗಳು ಸಡಿಲಗೊಂಡು ರಕ್ತದ ಒತ್ತಡ ತುಸು ಇಳಿಯುತ್ತದೆ. ಹೃದಯವು ಹಿಂದಿಗಿಂತ ಹೆಚ್ಚು ರಕ್ತವನ್ನು ಹರಿಸಬೇಕಾಗುತ್ತದೆ. ರಕ್ತದ ಪ್ರಮಾಣವೇ ಏರತೊಡಗಿ, ತಿಂಗಳು ತುಂಬುವ ವೇಳೆಗೆ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಮಗುವಿಗೆ ಆಹಾರ ಸಾಗಿಸುವ ಮಾಸು ರೂಪುಗೊಳ್ಳುವುದೂ ಈ ಮೂರು ತಿಂಗಳಲ್ಲಿಯೇ. ಹೊರಗೆ ಕುಳಿತಂತೆ ಕಾಣುವ ಹೆಣ್ಣಿನ ಒಳಗೆ ಹೊಸ ಮನೆಯೊಂದರ ಅಡಿಪಾಯ ಏಳುತ್ತಿರುತ್ತದೆ.

"ನಮ್ಮ ಕಾಲದಲ್ಲಿ ನಾವು ಬಾವಿಯಿಂದ ನೀರು ಸೇದುತ್ತಿರಲಿಲ್ಲವೇ?" ಎಂದು ಅತ್ತೆಯವರು ಕೇಳಬಹುದು. ಸೇದುತ್ತಿದ್ದರು, ನಿಜ. ಆದರೆ ಆ ಮನೆಯಲ್ಲಿ ಇಬ್ಬರು ಓರಗಿತ್ತಿಯರೂ ಒಬ್ಬ ನಾದಿನಿಯೂ ಇದ್ದು, ಒಬ್ಬಳು ಮಲಗಿದರೆ ಇನ್ನೊಬ್ಬಳು ಒಲೆಯ ಮುಂದೆ ಕೂರುತ್ತಿದ್ದಳೆಂಬುದನ್ನು ಅವರೇ ಇನ್ನೊಂದು ಸಂದರ್ಭದಲ್ಲಿ ಹೇಳಿಯಾರು. ಎರಡು ಕೋಣೆಯ ನಗರದ ಮನೆಯಲ್ಲಿ ಆ ಓರಗಿತ್ತಿಯ ಸ್ಥಾನವನ್ನು ಗಂಡನಲ್ಲದೆ ಇನ್ನಾರು ತುಂಬಬೇಕು?

ಹಗಲೆಲ್ಲ ತೂಕಡಿಸುವವಳಿಗೆ ರಾತ್ರಿಯಾದರೂ ಗಾಢ ನಿದ್ದೆ ಬರಬೇಕಷ್ಟೆ? ಬಾರದು. ಮೂತ್ರಪಿಂಡಗಳು ಮೊದಲ ಮೂರು ತಿಂಗಳು ಮುಗಿಯುವುದರೊಳಗೆ ಸುಮಾರು ಅರ್ಧದಷ್ಟು ಹೆಚ್ಚಾಗಿ ರಕ್ತವನ್ನು ಸೋಸತೊಡಗುವುದರಿಂದ ಎರಡು ಮೂರು ಬಾರಿ ಏಳಬೇಕಾಗುತ್ತದೆ. ನೀರನ್ನೇ ಕಡಿಮೆ ಮಾಡುವುದು ಇದಕ್ಕೆ ಉಪಾಯವಲ್ಲ. ಹಗಲಿನಲ್ಲಿ ಧಾರಾಳವಾಗಿ ಕುಡಿದು, ಮಲಗುವುದಕ್ಕೆ ಎರಡು ಗಂಟೆ ಮೊದಲು ಕೈ ಹಿಡಿದರೆ ಸಾಕು. ಹಗಲಿನ ನಿದ್ದೆಗೆ ನಾಚಬೇಕಾಗಿಲ್ಲ. ಊಟವಾದ ಮೇಲೆ ಅರ್ಧ ಗಂಟೆಯ ನಿದ್ದೆ ಒಳ್ಳೆಯದೇ, ಸಂಜೆಯವರೆಗೆ ಎಳೆಯದಿದ್ದರಾಯಿತು. ಎಡಮಗ್ಗುಲಿಗೇ ಮಲಗಬೇಕೆಂಬ ಚಿಂತೆ ಈಗಲೇ ಬೇಡ. ಮಗ್ಗುಲಾಗಿ ಮಲಗಬೇಕೆನ್ನುವ ಮಾತು ಕೊನೆಯ ಮೂರು ತಿಂಗಳುಗಳಿಗೆ ಸಂಬಂಧಿಸಿದ್ದು. ಬರಿಹೊಟ್ಟೆಯಿಂದ ಓಕರಿಕೆ ಹೆಚ್ಚುವುದರಿಂದ, ಹಾಸಿಗೆಯ ಪಕ್ಕದಲ್ಲಿ ಒಂದು ಹಿಡಿ ಮಂಡಕ್ಕಿಯನ್ನೋ ಹುರಿಗಡಲೆಯನ್ನೋ ಇಟ್ಟುಕೊಂಡು, ಏಳುವ ಮುನ್ನ ಬಾಯಿಗೆ ಹಾಕಿಕೊಂಡರೆ ಬೆಳಗು ಹಗುರಾಗುತ್ತದೆ.

ಇನ್ನು ಕಾಫಿ. ನಮ್ಮವರಿಗೆ ಇದನ್ನು ಬಿಡಿ ಎಂದರೆ ಲೇಖನವನ್ನೇ ಬಿಟ್ಟಾರು! ದಿನಕ್ಕೆ 200 ಮಿಲಿಗ್ರಾಂ ಕೆಫೀನಿಗಿಂತ ಹೆಚ್ಚು ಬೇಡವೆಂಬುದು ಪ್ರಸೂತಿ ತಜ್ಞರಲ್ಲಿ ಹೆಚ್ಚಿನವರ ಅಭಿಪ್ರಾಯ. ಡಿಕಾಕ್ಷನ್ನಿನ ಗಟ್ಟಿತನ ಮನೆಯಿಂದ ಮನೆಗೆ ಬೇರೆಯಾದ್ದರಿಂದ, ಎರಡು ಸಣ್ಣ ಲೋಟಗಳಿಗೆ, ಅದೂ ಮಧ್ಯಾಹ್ನದೊಳಗೆ, ನಿಲ್ಲಿಸುವುದು ಜಾಣತನ. ಕಾಫಿ ಚಹಾಗಳಿಗೆ ಇನ್ನೊಂದು ದೋಷವೂ ಉಂಟು: ಊಟದ ಜೊತೆಗೆ ಕುಡಿದರೆ ಅನ್ನಾಹಾರದ ಕಬ್ಬಿಣ ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಊಟಕ್ಕೂ ಕಾಫಿಗೂ ಒಂದು ಗಂಟೆಯ ಅಂತರವಿರಲಿ. ಸೊಪ್ಪಿನ ಪಲ್ಯಕ್ಕೆ ನಿಂಬೆಯ ಹುಳಿ ಬೀಳಲಿ.

ಕಬ್ಬಿಣದ ಮಾತನ್ನು ಇಷ್ಟಕ್ಕೇ ಬಿಡುವಂತಿಲ್ಲ. ಸಹಜವಾದ ಆಯಾಸದ ಮರೆಯಲ್ಲಿ ರಕ್ತಹೀನತೆ ಅಡಗಿ ಕುಳಿತಿರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ ಗರ್ಭಿಣಿಯರ ಪೈಕಿ ಶೇಕಡ 52ರಷ್ಟು ಮಂದಿಗೆ ಅದು ಇದ್ದುದು ಕಂಡುಬಂತು. ಬಸಿರಿನ ರಕ್ತಹೀನತೆಯ ಗುಟ್ಟುಗಳಲ್ಲೊಂದು ಬಯಲಾದುದೂ ನಮ್ಮ ದೇಶದಲ್ಲಿಯೇ. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದು, ಬಟ್ಟೆಯ ಗಿರಣಿಗಳಲ್ಲಿ ದುಡಿಯುವ ಬಸುರಿಯರನ್ನು ಕಾಡುತ್ತಿದ್ದ ಒಂದು ಬಗೆಯ ರಕ್ತಹೀನತೆಯ ಬೆನ್ನು ಹತ್ತಿದರು. ಅಗ್ಗದ ಈಸ್ಟಿನ ಸಾರದಿಂದ ಅದು ವಾಸಿಯಾಗುವುದೆಂದು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ವಸ್ತುವಿಗೆ ಫೋಲಿಕ್ ಆಮ್ಲವೆಂಬ ಹೆಸರು ಬಂದುದು ಆಮೇಲೆ, 1941ರಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದಾಗ. ಇಂದು ವೈದ್ಯರು ಮೊದಲ ತಿಂಗಳುಗಳಲ್ಲಿ ಕೊಡುವ ಪುಟ್ಟ ಮಾತ್ರೆ ಅದೇ. ಕಬ್ಬಿಣದ ಮಾತ್ರೆಯನ್ನು ಸಾಮಾನ್ಯವಾಗಿ ನಾಲ್ಕನೆಯ ತಿಂಗಳಿನಿಂದ ಆರಂಭಿಸುತ್ತಾರೆ. ಆದರೆ ರಕ್ತಪರೀಕ್ಷೆಗೆ ಅಲ್ಲಿಯವರೆಗೆ ಕಾಯತಕ್ಕದ್ದಲ್ಲ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ವೈದ್ಯರು ಕ್ರಮ ಕೈಗೊಳ್ಳುತ್ತಾರೆ. ಥೈರಾಯ್ಡ್ ಗ್ರಂಥಿಯ ಕೊರತೆಯೂ ಇದೇ ಬಗೆಯ ಬಳಲಿಕೆ ತರುವುದರಿಂದ ಅದನ್ನೂ ನೋಡಿಸುವುದು ಲೇಸು.

ನಿದ್ದೆ ಬಾರದೆಂದು ಮಾತ್ರೆಯ ಮೊರೆಹೋಗುವ ಸೋದರಿಯರಿಗೆ ಒಂದು ಕಥೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರೌಷಧ ಮಾರುಕಟ್ಟೆಗೆ ಬಂತು. ತೀರ ನಿರಪಾಯವೆಂದು ಹೊಗಳಿ, ವೈದ್ಯರ ಚೀಟಿಯಿಲ್ಲದೆಯೇ ಮಾರಿದರು. ಬಸುರಿಯರ ಓಕರಿಕೆಗೂ ನಿದ್ದೆಗೂ ಅದು ಹಿತವೆನಿಸಿತು. ಕೈಕಾಲುಗಳು ಮೊಳಕೆಯಲ್ಲೇ ಮುರುಟಿದ ಶಿಶುಗಳು ಹುಟ್ಟತೊಡಗಿದವು. 1961ರಲ್ಲಿ ಜರ್ಮನಿಯ ವಿಡುಕಿಂಡ್ ಲೆಂಟ್ಸ್ ಮತ್ತು ಆಸ್ಟ್ರೇಲಿಯದ ವಿಲಿಯಂ ಮ್ಯಾಕ್‌ಬ್ರೈಡ್ ಎಂಬ ವೈದ್ಯರು ಬೇರೆ ಬೇರೆಯಾಗಿ ಔಷಧದ ಕಡೆಗೆ ಬೆರಳು ತೋರಿದರು; ಆ ವರ್ಷದ ನವೆಂಬರಿನಲ್ಲಿ ಜರ್ಮನಿಯಲ್ಲಿ ಅದನ್ನು ಹಿಂತೆಗೆದರು. ಅಷ್ಟರಲ್ಲಿ ಹಾನಿಗೊಳಗಾದ ಶಿಶುಗಳು ಜಗತ್ತಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು. ಮಗುವಿನ ಕೈಕಾಲು ಮೂಡುವುದು ಗರ್ಭ ನಿಂತ ನಾಲ್ಕರಿಂದ ಎಂಟನೆಯ ವಾರದೊಳಗೆ. ಅಂದರೆ ಸುದ್ದಿಯನ್ನು ಇನ್ನೂ ಯಾರಿಗೂ ಹೇಳಿರದ, ನಿದ್ದೆಗಾಗಿ ಹಂಬಲಿಸುವ ಅವೇ ದಿನಗಳಲ್ಲಿ. ಆದುದರಿಂದ ಔಷಧದಂಗಡಿಯ ಮಾತ್ರೆಯಾಗಲಿ, ಗಿಡಮೂಲಿಕೆಯೆಂಬ ಧೈರ್ಯದಿಂದ ನುಂಗುವ ಅಶ್ವಗಂಧವಾಗಲಿ ವೈದ್ಯರನ್ನು ಕೇಳದೆ ಬೇಡ. ಮೊದಲಿನಿಂದ ಬೇರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿರುವವರು ಹೆದರಿ ಅದನ್ನು ತಾವಾಗಿಯೇ ನಿಲ್ಲಿಸುವುದೂ ಅಷ್ಟೇ ಅಪಾಯಕರ.

ಸುದ್ದಿಯನ್ನು ಊರಿಗೆಲ್ಲ ಸಾರಬೇಕಾಗಿಲ್ಲ. ಆದರೆ ಮನೆಯಲ್ಲಿ ಒಬ್ಬರಿಗೆ, ಕೆಲಸದ ಸ್ಥಳದಲ್ಲಿ ನಂಬುಗೆಯ ಒಬ್ಬರಿಗೆ, ಮೊದಲೇ ಹೇಳಿಕೊಳ್ಳುವುದರಿಂದ ಎಷ್ಟೋ ಭಾರ ಇಳಿಯುತ್ತದೆ. ಗಂಡನಾದವನು "ಏನಾದರೂ ಮಾಡಲೇ?" ಎಂದು ಕೇಳುತ್ತ ನಿಲ್ಲುವುದಕ್ಕಿಂತ, ರಾತ್ರಿಯ ಅಡುಗೆಮನೆಯ ಹೊಣೆಯನ್ನು ಕೇಳದೆಯೇ ವಹಿಸಿಕೊಂಡರೆ ಆಕೆ ಒಂಬತ್ತು ಗಂಟೆಗೇ ಮಲಗಬಹುದು.

ಸಾಮಾನ್ಯವಾಗಿ ನಾಲ್ಕನೆಯ ತಿಂಗಳಿನಲ್ಲಿ ಈ ದಣಿವು ಇಳಿಮುಖವಾಗುತ್ತದೆ. ಕೊನೆಯ ತಿಂಗಳುಗಳಲ್ಲಿ ಮತ್ತೆ ಬರುವುದುಂಟು. ಇಳಿಯದೆ ಹೆಚ್ಚುತ್ತಲೇ ಹೋದರೆ, ಅಥವಾ ಎರಡು ವಾರ ಕಳೆದರೂ ಮನಸ್ಸಿಗೆ ಕವಿದ ಮಂಕು ಸರಿಯದಿದ್ದರೆ, ವೈದ್ಯರಿಗೆ ಹೇಳಬೇಕು. ಕುಳಿತಲ್ಲೇ ಏದುಸಿರು ಬಂದರೆ, ಎಚ್ಚರ ತಪ್ಪಿದರೆ, ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ರಕ್ತ ಕಂಡರೆ, ಮರುದಿನದವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.