ಪಾಡ್‌ಕಾಸ್ಟ್: ಬೀಡಿ ಸೇದದ ದೊಡ್ಡಪ್ಪನಿಗೆ ದಮ್ಮು ಬಂದಿದ್ದೇಕೆ?

(ಕಂತಿನ ಅಕ್ಷರ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ರೂ ಪರವಾಗಿಲ್ಲ, ಇವತ್ತಿನ ಕಂತು ಪೂರ್ತಿ ಕೇಳಿ.

ನಮ್ಮ ರಾವಂದೂರು ಕಡೆ ತಂಬಾಕು ಅಂದ್ರೆ ಬರೀ ಬೆಳೆ ಅಲ್ಲ, ಮನೆ ಲೆಕ್ಕಾಚಾರವೇ ಅದು. ಮಳೆಗಾಲದಲ್ಲಿ ಸೊಪ್ಪು ಮುರಿದು ಬ್ಯಾರನ್‌ಗೆ ಏರಿಸಿದ್ರೆ, ಸುಮಾರು ಒಂದು ವಾರ ರಾತ್ರಿ ಹಗಲು ಒಲೆಗೆ ಸೌದೆ ಹಾಕ್ತಾ ಕಾಯಬೇಕು. ನಮ್ಮ ದೊಡ್ಡಪ್ಪ ಮೂವತ್ತು ವರ್ಷ ಆ ಒಲೆ ಮುಂದೆ ಕೂತವರು. ಈಗ ಹಟ್ಟಿಯಿಂದ ರಸ್ತೆಗೆ ಬರೋದ್ರಲ್ಲಿ ಎರಡು ಸಲ ನಿಲ್ತಾರೆ. "ಒಂದು ಬೀಡಿ ಮುಟ್ಟಿಲ್ಲ ಕಣ್ಲಾ, ನಂಗ್ಯಾಕ್ ಬತ್ತು ಈ ದಮ್ಮು?" ಅಂತ ಕೇಳಿದ್ರು. ನಾನು ಬಿ.ಕಾಂ. ಓದಿದವನು, ಉತ್ತರ ಗೊತ್ತಿರಲಿಲ್ಲ. ಓದ್ತಾ ಹೋದೆ. ಸಿಕ್ಕಿದ್ದು ನ್ಯೂಟ್ರೋಫಿಲ್ ಕಥೆ.

ರಕ್ತ ಪರೀಕ್ಷೆಯ ರಿಪೋರ್ಟ್‌ನಲ್ಲಿ ಈ ಹೆಸರು ನೋಡಿರ್ತೀರಿ. ಬಿಳಿ ರಕ್ತಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವೇ. ಮೂಳೆ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್ ತಯಾರು ಮಾಡುತ್ತೆ. ಗಾಯಕ್ಕೆ ಕೀವು ಕಟ್ಟುತ್ತಲ್ಲ, ಅದರಲ್ಲಿ ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳೇ. ಪ್ರತಿ ಕಣದೊಳಗೂ ಸಣ್ಣ ಸಣ್ಣ ಚೀಲಗಳು. ಅದರಲ್ಲಿ ಎಲಾಸ್ಟೇಸ್, ಕ್ಯಾಥೆಪ್ಸಿನ್ ಜಿ, ಪ್ರೋಟಿನೇಸ್ 3, ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವಗಳು. ಬ್ಯಾಕ್ಟೀರಿಯಾ ಬಂದಾಗ ಇವು ಅದನ್ನು ಕತ್ತರಿಸಿ, ಸುಟ್ಟು ಹಾಕುತ್ತವೆ. ಕಫ ಹಸಿರಾಗೋದು ಯಾಕೆ ಗೊತ್ತಾ? ಮೈಲೋಪೆರಾಕ್ಸಿಡೇಸ್‌ನ ಬಣ್ಣವೇ ಹಸಿರು. ಅಂದ್ರೆ ಅಲ್ಲಿ ನ್ಯೂಟ್ರೋಫಿಲ್ ದಂಡು ಸೇರಿದೆ ಅಂತ.

ತೊಂದರೆ ಎಲ್ಲಿ? ಕತ್ತರಿಗೆ ಶತ್ರು ಯಾರು, ಮನೆಯವರು ಯಾರು ಅಂತ ಗೊತ್ತಿಲ್ಲ. ಶ್ವಾಸಕೋಶ ಬಲೂನಿನ ಹಾಗೆ ಹಿಗ್ಗಿ ಕುಗ್ಗೋದಕ್ಕೆ ಎಲಾಸ್ಟಿನ್ ಎಂಬ ನಾರು ಬೇಕು. ಎಲಾಸ್ಟೇಸ್ ಅದನ್ನೂ ಕತ್ತರಿಸುತ್ತೆ. ಅದಕ್ಕೇ ನಮ್ಮ ಲಿವರ್ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನ್ ಕಳಿಸಿ ಎಲಾಸ್ಟೇಸ್ ಬಾಯಿ ಕಟ್ಟುತ್ತೆ. ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಖರ್ಚಿಗೆ ತಕ್ಕ ಜಮಾ ಇರಬೇಕು.

ಜಮಾ ಇಲ್ಲದಿದ್ರೆ ಏನಾಗುತ್ತೆ? 1963ರಲ್ಲಿ ಸ್ವೀಡನ್‌ನ ಲಾರೆಲ್ ಮತ್ತು ಎರಿಕ್ಸನ್ ಈ ಪ್ರೋಟೀನ್ ಕೊರತೆ ಇದ್ದ ಐದು ಜನರನ್ನು ಗುರುತಿಸಿದ್ರು. ಅವರಲ್ಲಿ ಮೂವರಿಗೆ ಚಿಕ್ಕ ವಯಸ್ಸಿಗೇ ಶ್ವಾಸಕೋಶ ಜಾಳಾಗೋ ಎಂಫಿಸೀಮಾ ಇತ್ತು. ಅದೇ ದಶಕದಲ್ಲಿ ಅಮೆರಿಕದಲ್ಲಿ ಇಲಿಗಳ ಶ್ವಾಸಕೋಶಕ್ಕೆ ಪಪೈನ್ ಹಾಕಿದಾಗಲೂ ಎಂಫಿಸೀಮಾ ಬಂತು. ಪಪೈನ್ ಅಂದ್ರೆ ಪರಂಗಿ ಕಾಯಿಯ ಹಾಲಲ್ಲಿರೋ ಕಿಣ್ವ. ಮಾಂಸ ಬೇಗ ಬೇಯಲಿ ಅಂತ ಪರಂಗಿ ಕಾಯಿ ಹಾಕ್ತೀವಲ್ಲ, ಅದೇ ಕೆಲಸ.

ಈಗ ಹೊಗೆಗೆ ಬರೋಣ. ಹೊಗೆ ಶ್ವಾಸಕೋಶಕ್ಕೆ ನ್ಯೂಟ್ರೋಫಿಲ್‌ಗಳನ್ನು ಕರೆಸುತ್ತೆ, ಅಂದ್ರೆ ಖರ್ಚು ಏರಿತು. ಸಿಗರೇಟ್ ಹೊಗೆಯಂತೂ ಆಲ್ಫಾ-1 ಪ್ರೋಟೀನ್‌ನ ಹಿಡಿತ ಇರೋ ಜಾಗವನ್ನೇ ಹಾಳು ಮಾಡುತ್ತೆ, ಜಮಾನೂ ಹೋಯ್ತು. ಸೌದೆ ಹೊಗೆಯಲ್ಲಿ ಶ್ವಾಸನಾಳಗಳಿಗೆ ಆಗೋ ಹಾನಿ ಹೆಚ್ಚಾಗಿ ಕಾಣುತ್ತೆ. ಎಲಾಸ್ಟೇಸ್ ಲೋಳೆ ಹೆಚ್ಚಿಸುತ್ತೆ, ಲೋಳೆಯನ್ನು ಮೇಲೆ ತಳ್ಳೋ ಸಣ್ಣ ಕೂದಲುಗಳ ಕೆಲಸ ಕೆಡಿಸುತ್ತೆ. ಇದು ವರ್ಷಗಟ್ಟಲೆ ನಡೆದ್ರೆ ಬರೋದೇ ಸಿಒಪಿಡಿ. ಬೀಡಿ ಸೇದಲೇಬೇಕು ಅಂತಿಲ್ಲ, ಒಲೆ ಸಾಕು. ಅಡುಗೆಮನೆ ಒಲೆ ಊದಿದ ಅಜ್ಜಿಯರಿಗೂ ಇದೇ ಕಥೆ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ವೈದ್ಯರು ಜಿಲ್ಲೆಯ ಹಳ್ಳಿಗಳಲ್ಲಿ ಈ ಕಾಯಿಲೆ ಬಗ್ಗೆ ಅಧ್ಯಯನ ಮಾಡಿದ್ದಾರೆ.

ಹಾಗಾದ್ರೆ ಈ ಕಿಣ್ವಗಳನ್ನು ನಿಲ್ಲಿಸಿಬಿಡಬಹುದಾ? ಪೂರ್ತಿ ನಿಲ್ಲಿಸಿದ್ರೆ ಸೋಂಕಿನ ಭಯ. ಆದ್ರೂ ದಾರಿ ತೆರೆದಿದೆ. ಮೂಳೆ ಮಜ್ಜೆಯಲ್ಲಿ ಈ ಕತ್ತರಿಗಳಿಗೆ ಸಾಣೆ ಹಿಡಿಯೋದು ಡಿಪಿಪಿ1 ಎಂಬ ಇನ್ನೊಂದು ಕಿಣ್ವ. ಅದನ್ನು ತಡೆಯೋ ಬ್ರೆನ್ಸೊಕ್ಯಾಟಿಬ್ ಮಾತ್ರೆಗೆ 2025ರ ಆಗಸ್ಟ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಆದ್ರೆ ಒಪ್ಪಿಗೆ ಸಿಕ್ಕಿದ್ದು ಶ್ವಾಸನಾಳ ಸಡಿಲವಾಗಿ ಕಫ ತುಂಬೋ ಬ್ರಾಂಕಿಯೆಕ್ಟಾಸಿಸ್ ಕಾಯಿಲೆಗೆ, ಸಿಒಪಿಡಿಗಲ್ಲ.

ಒಂದು ಮಾತು ಕಹಿಯಾದ್ರೂ ಹೇಳ್ಲೇಬೇಕು: ಹೋದ ನಾರು ವಾಪಸ್ ಬರಲ್ಲ. ಉಳಿದಿದ್ದನ್ನು ಉಳಿಸ್ಕೋಬಹುದು. ಅದಕ್ಕೇ ಮನೆಯಲ್ಲಿ ಯಾರಿಗಾದ್ರೂ ತಿಂಗಳುಗಟ್ಟಲೆ ಕೆಮ್ಮು, ನಡೆದ್ರೆ ಏದುಸಿರು ಇದ್ರೆ "ವಯಸ್ಸಾಯ್ತು" ಅಂತ ಬಿಡಬೇಡಿ. ಸ್ಪೈರೋಮೆಟ್ರಿ ಮಾಡಿಸಿ, ಕೊಳವೆಗೆ ಜೋರಾಗಿ ಊದೋ ಪರೀಕ್ಷೆ, ಸೂಜಿ ಇಲ್ಲ. ಇನ್‌ಹೇಲರ್ ಕೊಟ್ರೆ ಅಭ್ಯಾಸ ಆಗಿಬಿಡುತ್ತೆ ಅಂತ ಹೆದರಬೇಡಿ. ಕಫದ ಬಣ್ಣ ಬದಲಾಗಿ ದಮ್ಮು ಹೆಚ್ಚಾದ್ರೆ ತಡ ಮಾಡದೆ ಡಾಕ್ಟರ್ ಹತ್ರ ಹೋಗಿ.

ದೊಡ್ಡಪ್ಪ ಕೊನೆಗೂ ಊದಿದ್ರು. ಈಗ ಇನ್‌ಹೇಲರ್ ತಗೋತಾರೆ. ಈ ಸಲ ಬ್ಯಾರನ್ ಒಲೆ ಮುಂದೆ ಅವರು ಕೂರಲ್ಲ ಅಂತ ದೊಡ್ಡಮ್ಮ ಹೇಳಿಬಿಟ್ಟಿದ್ದಾರೆ. ಅವರ ಬದಲು ಯಾರು ಕೂರ್ತಾರೆ ಅನ್ನೋದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.

ಈ ಕಂತನ್ನು ಒಲೆ ಮುಂದೆ ಕೂರೋರು ಇರೋ ಮನೆಗೆ ಕಳಿಸಿ. ಮುಂದಿನ ವಾರ ಸಿಗೋಣ.