ಅತ್ತೆ ಕೊಟ್ಟ ಚಪಾತಿ ಚೂರು

ಕೆಂಚ ಮೈಸೂರಿನ ನಮ್ಮ ಮನೆಗೆ ಬಂದದ್ದು ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯಲ್ಲಿ. ಹಿಂದಿನ ಬೀದಿಯ ನಾಯಿ ಹಾಕಿದ ಐದು ಮರಿಗಳಲ್ಲಿ ಉಳಿದುಕೊಂಡವನು ಇವನೊಬ್ಬನೇ. ಆಗಷ್ಟೇ ಎರಡು ತಿಂಗಳು ತುಂಬಿತ್ತು. ಮಗಳು ಎತ್ತಿಕೊಂಡು ಬಂದಳು, ನಮ್ಮವರು ಹೂಂ ಅಂದರು, ರಾತ್ರಿ ಊಟದ ಹೊತ್ತಿಗೆ ಮನೆಯ ಕಾಯಿದೆಯೂ ತಯಾರಾಯಿತು: ದೇವರ ಕೋಣೆಗೆ ಕಾಲಿಡುವಂತಿಲ್ಲ, ಮಂಚ ಹತ್ತುವಂತಿಲ್ಲ, ತಟ್ಟೆಯಿಂದ ಯಾರೂ ಏನೂ ಹಾಕಕೂಡದು. ನಾಲ್ಕು ದಿನ ಎಲ್ಲರೂ ಪಾಲಿಸಿದೆವು. ಕೆಂಚ ಒಬ್ಬೊಬ್ಬರ ಕಾಲ ಬಳಿಯೂ ಕೂತು ಕುಂಯ್‌ಗುಟ್ಟಿ, ಸೋತು, ಮೂಲೆಯಲ್ಲಿ ಹೋಗಿ ಮಲಗತೊಡಗಿದ್ದ. ಐದನೆಯ ದಿನ ಅತ್ತೆಯ ಎಡಗೈ ಮೇಜಿನ ಕೆಳಗೆ ಹೋದದ್ದು ನನ್ನ ಕಣ್ಣಿಗೆ ಬಿತ್ತು.

"ಪಾಪ, ಬಾಯಿಲ್ಲದ ಜೀವ ಕಣೇ. ಒಂದೇ ಒಂದು ಚೂರು."

ಆ ಒಂದೇ ಒಂದು ಚೂರಿನ ತಾಕತ್ತೇನು ಎಂಬುದನ್ನು ಅಮೆರಿಕದ ವರ್ತನಾ ವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳಲ್ಲಿ ಅಳೆದು ನೋಡಿದ್ದರು. ಗುಂಡಿ ಕುಕ್ಕಿದಾಗಲೆಲ್ಲ ಕಾಳು ಸಿಗುತ್ತಿದ್ದ ಪಾರಿವಾಳ, ಕಾಳು ನಿಂತ ಮೇಲೆ ಬೇಗನೆ ಕುಕ್ಕುವುದನ್ನು ಬಿಡುತ್ತದೆ. ಒಮ್ಮೆ ಮೂರನೆಯ ಕುಕ್ಕಿಗೆ, ಇನ್ನೊಮ್ಮೆ ಮೂವತ್ತನೆಯದಕ್ಕೆ, ಲೆಕ್ಕಕ್ಕೆ ಸಿಗದ ಹಾಗೆ ಕಾಳು ಬೀಳುತ್ತಿದ್ದರೆ ಮಾತ್ರ ಕಥೆಯೇ ಬೇರೆ. ಕಾಳು ಪೂರ್ತಿ ನಿಂತರೂ ಅದು ಕುಕ್ಕುತ್ತಲೇ ಇರುತ್ತದೆ. ಮಟ್ಕಾ ಚೀಟಿ ಬರೆಸುವವನನ್ನು ವರ್ಷಗಟ್ಟಲೆ ಹಿಡಿದಿಡುವುದೂ ಇದೇ ಲೆಕ್ಕ. ದಿನಾ ಗೆದ್ದಿದ್ದರೆ ಸೋತ ವಾರದಲ್ಲೇ ಬಿಟ್ಟುಬಿಡುತ್ತಿದ್ದನೋ ಏನೋ. ಅಪರೂಪಕ್ಕೆ ಗೆಲ್ಲುವುದರಿಂದಲೇ ಅವನಿಗೆ ಬಿಡಲಾಗುವುದಿಲ್ಲ. ಮೂವರು ಕಟ್ಟುನಿಟ್ಟಾಗಿದ್ದು ಒಬ್ಬರು ಆಗೊಮ್ಮೆ ಈಗೊಮ್ಮೆ ಕರಗುವ ಮನೆಯಲ್ಲಿ ನಾಯಿಯ ಬೇಡುವ ಚಾಳಿ ಮುಕ್ಕಾಲು ಪಾಲು ಕಡಿಮೆಯಾಗುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ನಿಜದಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ಮತ್ತೆ ಬಿಗಿ ಮಾಡಿದರೆ ಇನ್ನೊಂದು ಪೇಚು. ಲಿಫ್ಟ್ ಬಾರದಿದ್ದರೆ ನಾವೇನು ಮಾಡುತ್ತೇವೆ? ಗುಂಡಿಯನ್ನು ಮತ್ತೆ ಮತ್ತೆ, ಇನ್ನೂ ಜೋರಾಗಿ ಒತ್ತುತ್ತೇವೆ. ಸಿಗುತ್ತಿದ್ದದ್ದು ನಿಂತಾಗ ಪ್ರಾಣಿಯ ಪ್ರಯತ್ನ ತಗ್ಗುವ ಮೊದಲು ಒಮ್ಮೆ ಉಕ್ಕುತ್ತದೆ. ಕೆಂಚ ಕುಂಯ್‌ಗುಡುವುದನ್ನು ಬಿಟ್ಟು ಬೊಗಳಿದ, ಆಮೇಲೆ ಎರಡೂ ಕಾಲು ಎತ್ತಿ ಅತ್ತೆಯ ತೊಡೆಯ ಮೇಲಿಟ್ಟ. ಸೀರೆಯ ಮೇಲೆ ಕೆಸರಿನ ಎರಡು ಅಚ್ಚು. ಬಹಳಷ್ಟು ಮನೆಗಳು ಸೋಲುವುದು ಇಲ್ಲೇ. 'ಏನು ಮಾಡಿದರೂ ಕೇಳಲ್ಲ, ಕೊಟ್ಟು ಕಳಿಸು ಅತ್ಲಾಗೆ' ಎಂದು ಆ ಗಳಿಗೆಯಲ್ಲಿ ಕೊಟ್ಟರೆ, ಕುಂಯ್‌ಗುಟ್ಟಿದರೆ ಸಾಲದು, ಮೈಮೇಲೆ ಹತ್ತಬೇಕು ಎಂಬ ಪಾಠವನ್ನು ನಾವೇ ಹೇಳಿಕೊಟ್ಟಂತೆ.

ಎರಡನೆಯ ತೊಡಕು ಭಾಷೆಯದು. ಮನೆಯೊಳಗೆ ಅಚ್ಚಕನ್ನಡ ಮಾತಾಡುವವರೂ ನಾಯಿಯ ಮುಂದೆ ನಿಂತ ಕೂಡಲೇ ಇಂಗ್ಲಿಷಿಗೆ ತಿರುಗುವುದೇಕೆ ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮಗಳು 'ಸಿಟ್' ಅನ್ನುತ್ತಾಳೆ, ನಾನು 'ಕೂತ್ಕೊ', ನಮ್ಮವರು 'ಸಿಟ್ ಡೌನ್ ಮಾಡೋ', ಅತ್ತೆ 'ಕೂತ್ಕೊಳೋ ಮುಂಡೇದೆ'. ನಾಲ್ಕೂ ಕೆಂಚನಿಗೆ ನಾಲ್ಕು ಬೇರೆ ಬೇರೆ ಸದ್ದು. ನಾಯಿಗಳು ಸದ್ದನ್ನು ಎಷ್ಟು ಸೂಕ್ಷ್ಮವಾಗಿ ಕೇಳುತ್ತವೆ ಎಂಬುದಕ್ಕೆ ಹಂಗೆರಿಯ ಬುಡಾಪೆಸ್ಟಿನಲ್ಲಿ ನಡೆದ ಒಂದು ಪ್ರಯೋಗ ಸಾಕ್ಷಿ. 2022ರಲ್ಲಿ ಪ್ರಕಟವಾದ ಈ ಅಧ್ಯಯನಕ್ಕಾಗಿ 18 ನಾಯಿಗಳನ್ನು ಎಂಆರ್‌ಐ ಯಂತ್ರದಲ್ಲಿ ಅಲುಗಾಡದೆ ಮಲಗಲು ಕಲಿಸಿದ್ದರು. 'ದ ಲಿಟ್ಲ್ ಪ್ರಿನ್ಸ್' ಕಥೆಯ ಭಾಗಗಳನ್ನು ಸ್ಪ್ಯಾನಿಷ್ ಮತ್ತು ಹಂಗೇರಿಯನ್ ಭಾಷೆಗಳಲ್ಲಿ ಕೇಳಿಸಿದಾಗ, ಮನೆಯಲ್ಲಿ ದಿನಾ ಕಿವಿಗೆ ಬೀಳುವ ಭಾಷೆಗೂ ಎಂದೂ ಕೇಳದ ಭಾಷೆಗೂ ಅವುಗಳ ಮಿದುಳು ಬೇರೆ ಬೇರೆ ರೀತಿ ಸ್ಪಂದಿಸಿತು. ಕನ್ನಡದ ಮನೆಯ ನಾಯಿಗೆ ಕನ್ನಡದಲ್ಲಿ ಹೇಳಿದರೆ ಧಾರಾಳ ಸಾಕು. ಬೇಕಾದದ್ದು ಒಂದು ಕೆಲಸಕ್ಕೆ ಒಂದೇ ಪದ, ಅದೂ ಎಲ್ಲರ ಬಾಯಲ್ಲೂ. ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿದೆವು: ಬಾ, ಕೂತ್ಕೊ, ಇರು, ಬಿಡು, ಬೇಡ.

ಕೈ ಸನ್ನೆಯಂತೂ ಪದಕ್ಕಿಂತ ಬೇಗ ಅರ್ಥವಾಗುತ್ತದೆ. ಕೋಲ್ಕತ್ತ ಬಳಿಯ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ ಯಾವ ತರಬೇತಿಯೂ ಇಲ್ಲದ ಬೀದಿನಾಯಿಗಳ ಮುಂದೆ ಎರಡು ಬಟ್ಟಲಿಟ್ಟು ಒಂದರ ಕಡೆ ಬೆರಳು ತೋರಿಸಿತು. ಹತ್ತಿರ ಬರುವ ಧೈರ್ಯ ಮಾಡಿದ ನಾಯಿಗಳಲ್ಲಿ ನೂರಕ್ಕೆ ಸುಮಾರು 80 ತೋರಿಸಿದ ಬಟ್ಟಲಿಗೇ ಹೋದವು. ಅಪರಿಚಿತ ಮನುಷ್ಯರು ನಂಬಿಕೆ ಗಳಿಸಲು ತಿಂಡಿಗಿಂತ ಮೈದಡವುವುದೇ ಹೆಚ್ಚು ಫಲ ಕೊಡುತ್ತದೆ ಎಂದೂ ಇದೇ ತಂಡ ಕಂಡುಕೊಂಡಿದೆ. 'ಜಾತಿ ನಾಯಿಯಾದರೆ ಕಲಿಯುತ್ತೆ, ಇದಕ್ಕೇನು ಬರುತ್ತೆ' ಎಂದು ಮೂಗು ಮುರಿದ ನೆಂಟರಿಗೆ ನಾನು ಇದನ್ನು ಹೇಳಿದ್ದುಂಟು.

ಇನ್ನು ಉಚ್ಚೆಯ ವಿಷಯ. ಮರಿ ತಂದವರ ಮೊದಲ ತಿಂಗಳಿಡೀ ನೆಲ ಒರೆಸುವುದರಲ್ಲೇ ಹೋಗುತ್ತದೆ. ಎರಡು ತಿಂಗಳ ಮರಿಗೆ ಹೆಚ್ಚು ಹೊತ್ತು ತಡೆದುಕೊಳ್ಳುವ ಶಕ್ತಿಯೇ ಬಂದಿರುವುದಿಲ್ಲ. ನಿದ್ದೆಯಿಂದ ಎದ್ದಾಗ, ತಿಂದಾದ ಮೇಲೆ, ಆಡಿ ದಣಿದ ಮೇಲೆ ಹೊರಗೆ ಒಯ್ಯಲೇಬೇಕು. ಅಲ್ಲಿ ಕೆಲಸ ಮುಗಿಸಿದ ಕ್ಷಣದಲ್ಲೇ, ಅಂದರೆ ಒಂದೆರಡು ಸೆಕೆಂಡಿನೊಳಗೆ, ಮೆಚ್ಚುಗೆ ಮತ್ತು ತಿಂಡಿ. ಒಳಗೆ ಬಂದು ಡಬ್ಬಿ ತೆಗೆದು ಬಿಸ್ಕತ್ತು ಕೊಟ್ಟರೆ, ಮರಿ ಕಲಿಯುವುದು 'ಒಳಗೆ ಓಡಿ ಬಂದರೆ ಬಿಸ್ಕತ್ತು' ಎಂದು. ಈ ಸಮಯದ ಲೆಕ್ಕಕ್ಕಾಗಿಯೇ ಸ್ಕಿನ್ನರ್ 1951ರ ಒಂದು ಲೇಖನದಲ್ಲಿ, ಜಾತ್ರೆಯಲ್ಲಿ ಮಾರುವಂಥ, ಒತ್ತಿದರೆ ಟಿಕ್-ಟಕ್ ಎನ್ನುವ ತಗಡಿನ ಆಟಿಕೆಯನ್ನು ಬಳಸಿ ಎಂದು ಸಲಹೆ ಕೊಟ್ಟಿದ್ದರು. ಸದ್ದು 'ಸರಿ, ಇದೇ' ಎಂದು ಆ ಕ್ಷಣವನ್ನು ಗುರುತು ಮಾಡುತ್ತದೆ, ತಿಂಡಿ ಹಿಂದಿನಿಂದ ಬರಬಹುದು. ನಾವು ನಾಲಗೆಯಿಂದಲೇ ಟಕ್ ಎನ್ನುತ್ತೇವೆ. ಖರ್ಚಿಲ್ಲ, ಕಳೆದೂ ಹೋಗುವುದಿಲ್ಲ.

ತಪ್ಪಿ ಒಳಗೇ ಮಾಡಿದರೆ? ಒಂದು ಮಧ್ಯಾಹ್ನ ಹಜಾರದಲ್ಲಿ ಹೊಂಡವಾಗಿತ್ತು. ನಮ್ಮವರು ಕೆಂಚನನ್ನು ಅಲ್ಲಿಗೆ ಎಳೆದು ತಂದು "ಯಾರು ಮಾಡಿದ್ದೋ ಇದು?" ಎಂದು ಗದರಿದರು. ಅವನು ಕಿವಿ ಹಿಂದಕ್ಕೆ ಮಡಚಿ, ಬಾಲ ಒಳಗೆ ಸೇರಿಸಿ, ಮುಖ ತಿರುಗಿಸಿದ. "ನೋಡು, ತಪ್ಪು ಮಾಡಿದ್ದು ಅದಕ್ಕೆ ಗೊತ್ತು!" ಎಂದರು. ಗೊತ್ತಿರುವುದಿಲ್ಲ. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ 14 ನಾಯಿಗಳಲ್ಲಿ ಇದನ್ನು ಪರೀಕ್ಷಿಸಿದರು. 'ತಿನ್ನಬೇಡ' ಎಂದು ಹೇಳಿ ಯಜಮಾನ ಹೊರಗೆ ಹೋಗುತ್ತಾನೆ. ಮರಳಿ ಬಂದಾಗ ಕೆಲವೊಮ್ಮೆ ಅವನಿಗೆ ಸುಳ್ಳು ವರದಿ ಕೊಡಲಾಗುತ್ತದೆ, ತಿನ್ನದ ನಾಯಿಯನ್ನೂ 'ತಿಂದಿದೆ' ಎಂದು. ಆ 'ತಪ್ಪಿತಸ್ಥ ಮುಖ' ಕಾಣಿಸಿಕೊಂಡದ್ದು ಬೈಗುಳಕ್ಕೆ. ತಿಂದಿತ್ತೋ ಇಲ್ಲವೋ ಎಂಬುದಕ್ಕೆ ಅದು ಬದಲಾಗಲಿಲ್ಲ. ಅಷ್ಟೇಕೆ, ತಪ್ಪೇ ಮಾಡದೆ ಬೈಸಿಕೊಂಡ ನಾಯಿಗಳಲ್ಲೇ ಅದು ಹೆಚ್ಚು ಎದ್ದು ಕಂಡಿತು. ಅಂದು ಕೆಂಚ ಕ್ಷಮೆ ಕೇಳುತ್ತಿರಲಿಲ್ಲ, ಹೆದರಿದ್ದ. ಒಂದು ಗಂಟೆ ಹಿಂದಿನ ಉಚ್ಚೆಗೂ ಈಗಿನ ಗದರಿಕೆಗೂ ಅವನಲ್ಲಿ ನಂಟೇ ಬೆಳೆದಿರಲಿಲ್ಲ. ಒರೆಸಿ, ವಾಸನೆ ಉಳಿಯದಂತೆ ತೊಳೆದು, ಮುಂದಿನ ಸಲ ಬೇಗ ಹೊರಗೆ ಒಯ್ಯುವುದಷ್ಟೇ ಮಾಡಬೇಕಾದ ಕೆಲಸ.

'ನೀನೇ ಯಜಮಾನ ಅಂತ ತೋರಿಸು, ನೆಲಕ್ಕೊತ್ತಿ ಹಿಡಿ' ಎಂಬ ಉಪದೇಶ ಪ್ರತಿ ಬೀದಿಯಲ್ಲೂ ಸಿಗುತ್ತದೆ. ಇದರ ಬೇರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳಲ್ಲಿದೆ. ಒಂದಕ್ಕೊಂದು ಸಂಬಂಧವಿಲ್ಲದ ತೋಳಗಳನ್ನು ಒಂದೇ ಆವರಣಕ್ಕೆ ನೂಕಿದ್ದರಿಂದ ನಡೆದ ಕಚ್ಚಾಟವನ್ನು ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದರು. ಅದನ್ನು 1970ರ ತಮ್ಮ ಪುಸ್ತಕದಲ್ಲಿ ಜನಪ್ರಿಯಗೊಳಿಸಿದ ಡೇವಿಡ್ ಮೀಚ್, ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ 1986ರಿಂದ ವರ್ಷ ವರ್ಷ ಕಾಡುತೋಳಗಳ ಜೊತೆ ಬೇಸಿಗೆ ಕಳೆದ ಮೇಲೆ 1999ರಲ್ಲಿ ತಾವೇ ತಿದ್ದಿಕೊಂಡರು: ಕಾಡಿನ ತೋಳಗಳ ಗುಂಪೆಂದರೆ ಅಪ್ಪ, ಅಮ್ಮ, ಮಕ್ಕಳು. ಸಂಸಾರ. ವಿಜ್ಞಾನಿ ತಿದ್ದಿಕೊಂಡರೂ ಬೀದಿಯ ಉಪದೇಶ ತಿದ್ದಿಕೊಂಡಿಲ್ಲ. ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆದರಿಸಿ ಎಳೆದಾಡಿ ಕಲಿಸುವ ಶಾಲೆಗಳ ನಾಯಿಗಳ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಪಾಠದ ನಂತರ ಏರಿತ್ತು.

ಮರಿಯ ವಯಸ್ಸಿನ ಮಾತೂ ಮುಖ್ಯ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಸ್ಕಾಟ್ ಮತ್ತು ಫುಲ್ಲರ್ ನಡೆಸಿದ, 1965ರಲ್ಲಿ ಪುಸ್ತಕವಾಗಿ ಬಂದ ದೀರ್ಘ ಅಧ್ಯಯನದ ಪ್ರಕಾರ ಸುಮಾರು 3ರಿಂದ 12 ವಾರಗಳ ನಡುವೆ ಕಂಡದ್ದು ಕೇಳಿದ್ದು ಮರಿಗೆ 'ನಮ್ಮದು' ಆಗುತ್ತದೆ. ಆಮೇಲೆ ಹೊಸದೆಲ್ಲ ಅನುಮಾನವೇ. ಇತ್ತ ರೇಬೀಸ್ ಲಸಿಕೆ ಹಾಕುವುದು ಸಾಮಾನ್ಯವಾಗಿ ಮೂರು ತಿಂಗಳಿಗೆ. ಲಸಿಕೆಗಳು ಮುಗಿಯುವ ತನಕ ಬೀದಿಯ ನೆಲಕ್ಕೆ ಬಿಡುವಂತಿಲ್ಲ. ಹಾಗಾಗಿ ಕೆಂಚನನ್ನು ಎತ್ತಿಕೊಂಡೇ ಊರು ತೋರಿಸಿದೆವು. ಆಟೋ, ಛತ್ರಿ, ಹೆಲ್ಮೆಟ್ ತೊಟ್ಟವರು, ಕಸದ ಗಾಡಿಯ ಹಾಡು. ಕುಕ್ಕರ್ ಸೀಟಿಗೆ ಮೊದಲ ದಿನ ಮಂಚದ ಕೆಳಗೆ ನುಗ್ಗಿದವನು, ಪ್ರತಿ ಸೀಟಿಗೂ ಒಂದು ಹುರಿಗಡಲೆ ಸಿಗತೊಡಗಿದ ಮೇಲೆ ಅಡುಗೆಮನೆಯ ಹೊಸ್ತಿಲಿಗೇ ಬಂದು ಕಾದ. ದೀಪಾವಳಿ ಪಟಾಕಿಗೆ ಮಾತ್ರ ನಮ್ಮ ಹತ್ತಿರ ಮದ್ದಿಲ್ಲ. ಮನುಷ್ಯರ ಕಿವಿ 20,000 ಹರ್ಟ್ಸ್‌ಗೆ ನಿಂತರೆ ನಾಯಿಯದು ಸುಮಾರು 45,000ದವರೆಗೆ ಕೇಳುತ್ತದೆ. ಆ ರಾತ್ರಿಗಳಲ್ಲಿ ಕಿಟಕಿ ಮುಚ್ಚಿ ಪಕ್ಕದಲ್ಲಿ ಕೂರುತ್ತೇವೆ.

ದಿನಾ ಗಂಟೆಗಟ್ಟಲೆ ಪಾಠ ಮಾಡುವ ಉತ್ಸಾಹವನ್ನೂ ಕಟ್ಟಿಡಬಹುದು. ಡೆನ್ಮಾರ್ಕಿನಲ್ಲಿ 44 ಬೀಗಲ್ ನಾಯಿಗಳಿಗೆ ಕಲಿಸಿ ನೋಡಿದಾಗ, ವಾರಕ್ಕೆ ಒಂದೆರಡು ಸಲ ಪಾಠ ಕೇಳಿದವು ದಿನಾ ಕೇಳಿದವಕ್ಕಿಂತ ಕಡಿಮೆ ಪಾಠಗಳಲ್ಲಿ ಕಲಿತವು.

ಮತ್ತೆ ಊಟದ ಮೇಜಿಗೆ ಬರುತ್ತೇನೆ, ಅಲ್ಲಿನ ಕಾಯಿದೆಗೆ ಶಿಸ್ತಿಗಿಂತ ದೊಡ್ಡ ಕಾರಣವೊಂದಿದೆ. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ನಮ್ಮ ಪಲ್ಯ, ಸಾಗು, ಹುಳಿ ಯಾವುದರಲ್ಲಿ ಅದಿಲ್ಲ? ಪಾಯಸದ ಒಣದ್ರಾಕ್ಷಿ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಚಾಕೊಲೇಟೂ ವಿಷ. ಇದನ್ನು ಹೇಳಿದ ದಿನ ಅತ್ತೆ ಮಾತಾಡಲಿಲ್ಲ. ಮರುದಿನ ಜಗುಲಿಯ ಮೂಲೆಗೆ ಹಳೆಯ ಗೋಣಿಚೀಲವೊಂದನ್ನು ಹಾಸಿ, "ಕೊಡೋದಾದ್ರೆ ಇಲ್ಲೇ ಕೊಡ್ತೀನಿ, ಊಟ ಆದ್ಮೇಲೆ, ಬರೀ ಚಪಾತಿ" ಎಂದರು. ಬೇಡುವುದನ್ನು ಬಿಡಿಸಲು ವಿಜ್ಞಾನ ಹೇಳುವ ಉಪಾಯವೂ ಇದೇ: ಬೇಡುವುದರ ಜೊತೆ ಒಟ್ಟಿಗೆ ಮಾಡಲಾಗದ ಇನ್ನೊಂದು ಕೆಲಸಕ್ಕೆ ಫಲ ಕೊಡುವುದು. ಗೋಣಿಯ ಮೇಲೆ ಮಲಗಿದವನು ಮೇಜಿನ ಕೆಳಗೆ ಇರಲಾರನಲ್ಲ.

ಈಗ ತಟ್ಟೆಗಳ ಸದ್ದು ಕೇಳಿದರೆ ಸಾಕು, ಕೆಂಚ ಎದ್ದು ಜಗುಲಿಗೆ ಹೋಗಿ ಗೋಣಿಯ ಮೇಲೆ ಮಲಗುತ್ತಾನೆ. ನಾನು 'ಕೂತ್ಕೊ' ಅಂದರೆ ಎರಡನೆಯ ಸಲಕ್ಕೆ ಕೂರುತ್ತಾನೆ. ಅತ್ತೆ ಅಂದರೆ ಮೊದಲನೆಯದಕ್ಕೇ.