ಸಿಟ್ಟಿನ ಹಾಡು ಕಾವ್ಯವಲ್ಲವೇ?

ಕನ್ನಡದಲ್ಲಿ ಒಂದು ಕವಿತೆಯ ಹೆಸರು ಎತ್ತಿದರೆ ಇಂದಿಗೂ ವಾದ ಶುರುವಾಗುತ್ತದೆ. ಅದು ಸಿದ್ಧಲಿಂಗಯ್ಯನವರ ‘ಇಕ್ರಲಾ’. 1975ರಲ್ಲಿ ಬಂದ ‘ಹೊಲೆಮಾದಿಗರ ಹಾಡು’ ಸಂಕಲನದ ಈ ಕವಿತೆಯ ಹೆಸರೇ ಹಲವರನ್ನು ಬೆಚ್ಚಿಬೀಳಿಸಿತು. ಹಳೆ ಮೈಸೂರು ಸೀಮೆಯ ಮಾತಿನಲ್ಲಿ ‘ಇಕ್ಕು’ ಎಂದರೆ ಹೊಡೆ. ಅಲ್ಲಿನ ‘ಲಾ’ ನಮ್ಮ ಕಡೆಯ ‘ಲೇ’ ಇದ್ದ ಹಾಗೆ. ‘ಹೊಡೀರ್ಲೇ’ ಎಂದು ಕೂಗುವುದನ್ನು ಕವಿತೆ ಎನ್ನಬಹುದೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1973ರ ನವೆಂಬರ್‌ನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬ ಅರ್ಥದ ಮಾತಾಡಿದರು. ರಾಜ್ಯದಲ್ಲಿ ಗಲಭೆ ಎದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಸಚಿವರು ರಾಜೀನಾಮೆ ಕೊಟ್ಟರು. ಆಗ ಬೆಂಗಳೂರಿನಲ್ಲಿ ಓದುತ್ತಿದ್ದ ಸಿದ್ಧಲಿಂಗಯ್ಯನವರಿಗೆ ಹತ್ತೊಂಬತ್ತರ ವಯಸ್ಸು. ಆ ದಿನಗಳ ಬಿಸಿಯಲ್ಲೇ ದಲಿತ ಸಂಘರ್ಷ ಸಮಿತಿಯೂ ರೂಪುಗೊಂಡಿತು. ಅದನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ನಮಗೆ ದೂರದವರಲ್ಲ, ತುಂಗಭದ್ರೆಯ ಆಚೆ ದಂಡೆಯ ಹರಿಹರದವರು.

ಸಮಿತಿಯ ಸಭೆ, ಜಾಥಾಗಳಲ್ಲಿ ಸಿದ್ಧಲಿಂಗಯ್ಯನವರ ಹಾಡುಗಳು ಮೊಳಗಿದವು. ಅಕ್ಷರ ಬಾರದವರೂ ಅವನ್ನು ಬಾಯಿಪಾಠ ಮಾಡಿ ಹಾಡಿದರು. ವಿರೋಧವೂ ಬಂತು. ಇದು ಕಾವ್ಯವಲ್ಲ, ಬರೀ ಘೋಷಣೆ ಎಂದರು ಕೆಲವರು. ಬೈಗುಳ ಪುಸ್ತಕದೊಳಗೆ ಬರಬಾರದು ಎಂದರು ಇನ್ನು ಕೆಲವರು. ಇದು ಹಿಂಸೆಗೆ ಕರೆ ಎಂಬ ಆಕ್ಷೇಪವೂ ಇತ್ತು. 1979ರ ಧರ್ಮಸ್ಥಳ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಬೇಕೆಂಬ ಬೇಡಿಕೆಗೂ ಒಪ್ಪಿಗೆ ಸಿಗಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು.

ಇಂಥ ಜಗಳ ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಅದೇ ದಶಕದಲ್ಲಿ ಲಂಡನ್ನಿನ ನಿರುದ್ಯೋಗಿ ಯುವಕರ ನಡುವೆ ‘ಪಂಕ್ ರಾಕ್’ ಬೆಳೆಯಿತು. ಮೂರೇ ಸ್ವರಮೇಳ ಗೊತ್ತಿದ್ದರೆ ಸಾಕು, ಗಿಟಾರ್ ಹಿಡಿದು ಮನಸ್ಸಿನಲ್ಲಿದ್ದದ್ದನ್ನು ಕೂಗಿ ಹೇಳು ಎನ್ನುವ ಸಂಗೀತ ಅದು. 1977ರಲ್ಲಿ ರಾಣಿ ಎಲಿಜಬೆತ್ ಅವರ ಆಳ್ವಿಕೆಯ ಬೆಳ್ಳಿಹಬ್ಬದ ಹೊತ್ತಿಗೆ ಸೆಕ್ಸ್ ಪಿಸ್ಟಲ್ಸ್ ತಂಡ ರಾಷ್ಟ್ರಗೀತೆಯ ಹೆಸರನ್ನೇ ಇಟ್ಟು ಅರಮನೆಯನ್ನು ಅಣಕಿಸುವ ಹಾಡು ಹೊರತಂದಿತು. ಬಿಬಿಸಿ ಅದನ್ನು ಪ್ರಸಾರ ಮಾಡಲು ನಿರಾಕರಿಸಿತು. ಆದರೂ ಮಾರಾಟದ ಪಟ್ಟಿಯಲ್ಲಿ ಅದು ಎರಡನೇ ಸ್ಥಾನಕ್ಕೇರಿತು.

ಎರಡಕ್ಕೂ ಒಂದು ವ್ಯತ್ಯಾಸವಿದೆ. ಲಂಡನ್ನಿನ ಹುಡುಗರಿಗೆ ಕೆಲಸವಿರಲಿಲ್ಲ. ಸಿದ್ಧಲಿಂಗಯ್ಯನವರ ಜನಕ್ಕೆ ಊರ ಬಾವಿಯ ನೀರೂ ಇರಲಿಲ್ಲ. ‘ಇಕ್ರಲಾ’ ಕವಿತೆಯನ್ನು ಹೆಸರಿಗಷ್ಟೇ ನಿಲ್ಲಿಸದೆ ಪೂರ್ತಿ ಓದಿದವರಿಗೆ ಇದು ತಿಳಿಯುತ್ತದೆ. ಎಲ್ಲರೂ ದೇವರ ಮಕ್ಕಳೆಂದು ಬಾಯಲ್ಲಿ ಹೇಳುತ್ತ ಹೋಟೆಲಿಗೆ, ಬಾವಿಗೆ, ಮನೆಗೆ ಸೇರಿಸದವರ ಲೆಕ್ಕವೇ ಅಲ್ಲಿದೆ. ಏಟಿನ ಮಾತು ಹುಟ್ಟುವುದು ಆ ಲೆಕ್ಕದಿಂದ. ತಲೆತಲಾಂತರದಿಂದ ಏಟು ತಿಂದವರು ಮೊದಲ ಸಲ ಬಾಯಿಬಿಟ್ಟಾಗ ನಯವಾಗಿ ಮಾತಾಡಿ ಎನ್ನುವುದು ಸುಲಭ. ಆದರೆ ಏಟು ಬೀಳುವಾಗ ನಾವು ಏನು ಹೇಳಿದ್ದೆವು?

ಚುರುಕಾದ ಮಾತು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ಬಾಡದ ಕನಕದಾಸರೂ ಅಬಲೂರಿನ ನಂಟಿರುವ ಸರ್ವಜ್ಞನೂ ಕುಲದ ಹೆಮ್ಮೆಯನ್ನು ಮುಲಾಜಿಲ್ಲದೆ ಪ್ರಶ್ನಿಸಿದವರೇ.

ಸಿದ್ಧಲಿಂಗಯ್ಯನವರು ಸಿಟ್ಟಿನಲ್ಲೇ ನಿಂತವರಲ್ಲ. ‘ಬಾ ನಲ್ಲೆ ಮಧುಚಂದ್ರಕೆ’ ಚಿತ್ರದ ಬೆಟ್ಟ, ಬೆಳದಿಂಗಳ ಹಾಡು ಅವರದೇ. ‘ಊರುಕೇರಿ’ ಆತ್ಮಕಥೆಯಲ್ಲಿ ಹಸಿವು, ಅವಮಾನಗಳನ್ನೂ ನಗಿಸುತ್ತಲೇ ಹೇಳಿದ್ದಾರೆ. 2021ರ ಜೂನ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡಾಗ, ಒಂದು ಕಾಲಕ್ಕೆ ಅವರ ಹಾಡಿಗೆ ಮುಖ ಸಿಂಡರಿಸಿದ್ದ ನಾಡು ಅವರನ್ನು ದೊಡ್ಡ ಕವಿಯೆಂದೇ ಬೀಳ್ಕೊಟ್ಟಿತು.

ಗೆಳೆಯರೇ, ಕಿವಿಗೆ ಒರಟಾಗಿ ಕೇಳುವ ಹಾಡು ಎದುರಾದಾಗ ಅದನ್ನು ಒಪ್ಪಲೇಬೇಕೆಂದಿಲ್ಲ. ತಿರಸ್ಕರಿಸುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳೋಣ. ಈ ಸಿಟ್ಟು ಯಾರದು? ಅದಕ್ಕೆ ಕಾರಣವಾದದ್ದು ಇನ್ನೂ ನಮ್ಮ ಊರಲ್ಲಿ ಉಳಿದಿದೆಯೇ? ಗ್ರಂಥಾಲಯದಲ್ಲಿ ‘ಊರುಕೇರಿ’ ಸಿಕ್ಕರೆ ಓದಿ, ಉತ್ತರ ಹುಡುಕಲು ಅದು ನೆರವಾಗುತ್ತದೆ.